ಅನಾತ್ಮವಾದವೂ ಥೈಮಸ್ ಗಡ್ಡೆಯ ಚಿಕಿತ್ಸೆಯೂ

1966ರಲ್ಲಿ ಟಿಬೆಟನ್ ನಿರಾಶ್ರಿತರ ವಸಾಹತು ಆರಂಭವಾದ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿನಲ್ಲಿ ಮರುಸ್ಥಾಪನೆಗೊಂಡ ಡ್ರೆಪುಂಗ್ ಮತ್ತು ಗಾಂದೆನ್ ವಿಹಾರಗಳಲ್ಲಿ ಭಿಕ್ಷುಗಳು ವರ್ಷಗಟ್ಟಲೆ ತರ್ಕಿಸುವ ವಿಷಯಗಳಲ್ಲಿ ಅನಾತ್ಮವಾದ ಮುಖ್ಯವಾದುದು. ದೇಹ ಮತ್ತು ಮನಸ್ಸುಗಳ ಸಮೂಹದಲ್ಲಿ ಎಷ್ಟು ಹುಡುಕಿದರೂ ಸ್ಥಿರವೂ ಸ್ವತಂತ್ರವೂ ಆದ ‘ನಾನು’ ಸಿಗುವುದಿಲ್ಲ ಎಂಬುದು ಅದರ ಸಾರ. 2013ರ ಜನವರಿಯಲ್ಲಿ ದಲೈ ಲಾಮಾ ಅವರ ಸಮ್ಮುಖದಲ್ಲಿ ವಿಜ್ಞಾನಿಗಳೂ ಭಿಕ್ಷುಗಳೂ ಡ್ರೆಪುಂಗ್‌ನಲ್ಲಿ ಸಂವಾದ ನಡೆಸಿದ್ದರಿಂದ, ಈ ಸಿದ್ಧಾಂತವನ್ನು ಶರೀರಶಾಸ್ತ್ರದ ಎದುರಿಗಿಟ್ಟು ಪರೀಕ್ಷಿಸುವುದು ಆ ನೆಲಕ್ಕೆ ಹೊಸದಲ್ಲ. ಹಾಗೆ ಪರೀಕ್ಷಿಸಲು ಥೈಮಸ್ ಗ್ರಂಥಿಗಿಂತ ತಕ್ಕ ಅಂಗ ಸಿಗುವುದು ಕಷ್ಟ.

ಎದೆಮೂಳೆಯ ಹಿಂದೆ, ಹೃದಯದ ಮುಂಭಾಗಕ್ಕೆ ತುಸು ಮೇಲೆ ಇರುವ ಈ ಗ್ರಂಥಿ ಬಾಲ್ಯದಲ್ಲಿ ದೊಡ್ಡದಾಗಿದ್ದು ವಯಸ್ಸಾದಂತೆ ಕುಗ್ಗಿ ಕೊಬ್ಬಾಗುವುದರಿಂದ, 1961ರಲ್ಲಿ ವಿಜ್ಞಾನಿ ಜಾಕ್ ಮಿಲ್ಲರ್ ಅದರ ಕಾರ್ಯವನ್ನು ತೋರಿಸುವವರೆಗೂ ನಿರುಪಯುಕ್ತವೆಂದೇ ಎಣಿಸಲ್ಪಟ್ಟಿತ್ತು. ರೋಗನಿರೋಧಕ ಟಿ-ಕಣಗಳು ಇಲ್ಲಿ ಪಕ್ವವಾಗುತ್ತವೆ. ಸ್ವಂತ ದೇಹದ ಮೇಲೆಯೇ ಎರಗಬಲ್ಲ ಕಣಗಳಲ್ಲಿ ಹೆಚ್ಚಿನವು ಇಲ್ಲಿಯೇ ನಾಶವಾಗುತ್ತವೆ. ತನ್ನದು ಯಾವುದು, ಪರಕೀಯ ಯಾವುದು ಎಂಬ ವಿವೇಕವನ್ನು ದೇಹವು ಸಿದ್ಧರೂಪದಲ್ಲಿ ಪಡೆದು ಬಂದಿರುವುದಿಲ್ಲ, ಕಲಿಯುತ್ತದೆ, ಕಲಿತದ್ದು ಕೆಡಲೂಬಹುದು. ಗ್ರಂಥಿಯಲ್ಲಿ ಥೈಮೋಮಾ ಎಂಬ ಗಡ್ಡೆ ಬೆಳೆದವರಲ್ಲಿ ಸುಮಾರು ಮೂರರಲ್ಲಿ ಒಂದು ಭಾಗದವರಿಗೆ, ದೇಹದ ಪ್ರತಿಕಾಯಗಳು ನರ ಮತ್ತು ಸ್ನಾಯುಗಳ ಸಂಧಿಯನ್ನೇ ಘಾತಿಸುವ ಮಯಸ್ಥೇನಿಯಾ ಗ್ರೇವಿಸ್ ಎಂಬ ಸ್ನಾಯು ದೌರ್ಬಲ್ಯವೂ ಕಾಣಿಸಿಕೊಳ್ಳುತ್ತದೆ. ‘ಸ್ವ’ ಎಂಬುದು ಕಾರಣಗಳಿಂದ ಉಂಟಾಗಿ ಕಾರಣಗಳಿಂದ ಕದಡುವ ವ್ಯವಹಾರವೆಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಹಾಗಾದರೆ ಚಿಕಿತ್ಸೆ ಯಾರಿಗೆ? ಟಿಬೆಟನ್ ವಿಹಾರಗಳಲ್ಲಿ ಇಂದಿಗೂ ಪಠ್ಯವಾಗಿರುವ, ಬೌದ್ಧ ದಾರ್ಶನಿಕ ಚಂದ್ರಕೀರ್ತಿಯ ‘ಮಧ್ಯಮಕಾವತಾರ’ವು ರಥದ ದೃಷ್ಟಾಂತದಿಂದ ಇದಕ್ಕೆ ದಾರಿ ತೋರುತ್ತದೆ: ಬಿಡಿಭಾಗಗಳಲ್ಲಿ ಹುಡುಕಿದರೆ ರಥ ಸಿಗದು, ಆದರೂ ಲೋಕವ್ಯವಹಾರದಲ್ಲಿ ರಥ ಓಡುತ್ತದೆ. ಓಡುವ ರಥದ ಗಾಲಿ ಮುರಿದರೆ ಅದನ್ನು ಸರಿಪಡಿಸಲೇಬೇಕು. ಆತ್ಮವಿಲ್ಲವೆಂಬ ಅರಿವು ನೋವಿಲ್ಲವೆಂಬ ಮಾತಾಗಲಾರದು.

ಶಸ್ತ್ರವೈದ್ಯರ ನಿಲುವೂ ಇದರಿಂದ ದೂರವಲ್ಲ. ಗಡ್ಡೆಯನ್ನು ಇಡಿಯಾಗಿ ತೆಗೆಯುವುದೇ ಮೂಲ ಚಿಕಿತ್ಸೆಯಾಗಿದ್ದು, ಇದಕ್ಕಾಗಿ ಎದೆಮೂಳೆಯನ್ನು ಸೀಳುವುದುಂಟು, ಚಿಕ್ಕ ಗಡ್ಡೆಗಳಿಗೆ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸುವುದೂ ಉಂಟು. ಸುತ್ತಲಿನ ಅಂಗಾಂಶಕ್ಕೆ ಹರಡಿದ್ದರೆ ವಿಕಿರಣವನ್ನೂ, ತೆಗೆಯಲಾಗದಷ್ಟು ಬೆಳೆದಿದ್ದರೆ ಮೊದಲು ಸಿಸ್‌ಪ್ಲಾಟಿನ್ ಮುಂತಾದ ಔಷಧಗಳ ಕೀಮೋಥೆರಪಿಯನ್ನೂ ಬಳಸಲಾಗುತ್ತದೆ. ಆದರೆ ಗಡ್ಡೆಯು ಉಸಿರಾಟದ ಮುಖ್ಯ ಸ್ನಾಯುವಾದ ವಪೆಯನ್ನು ಆಡಿಸುವ ಎರಡೂ ಫ್ರೆನಿಕ್ ನರಗಳನ್ನು ಸುತ್ತಿಕೊಂಡಿದ್ದರೆ, ವಿಶೇಷವಾಗಿ ಸ್ನಾಯುಗಳು ಮೊದಲೇ ಸೋತವರಲ್ಲಿ, ವೈದ್ಯರು ನರವನ್ನು ಉಳಿಸಿ, ಗಡ್ಡೆಯ ಅಂಶವನ್ನು ಅಲ್ಲಿಯೇ ಬಿಟ್ಟು, ಉಳಿದುದನ್ನು ವಿಕಿರಣಕ್ಕೆ ಒಪ್ಪಿಸುತ್ತಾರೆ. ದೇಹವನ್ನು ಪೂರ್ಣ ನಿರ್ಮಲಗೊಳಿಸುವ ಹಟಕ್ಕಿಂತ ರೋಗಿ ಉಸಿರಾಡುವುದು ದೊಡ್ಡದೆಂಬ ಈ ತೀರ್ಮಾನ ಸೋಲಲ್ಲ. ಅದು ಕರುಣೆಯ ಲೆಕ್ಕಾಚಾರ.

ಕರ್ಮದ ಮಾತು ಇನ್ನೂ ಉಳಿದಿದೆ. ಸಂಯುತ್ತ ನಿಕಾಯದ ಸೀವಕ ಸುತ್ತದಲ್ಲಿ ಬುದ್ಧನು, ಅನುಭವಕ್ಕೆ ಬರುವುದೆಲ್ಲ ಪೂರ್ವಕರ್ಮದ ಫಲವೆಂಬ ಮತವನ್ನು ತಳ್ಳಿಹಾಕಿ, ಪಿತ್ತ, ಕಫ, ವಾತ, ಋತುಗಳ ಬದಲಾವಣೆ, ಆರೈಕೆಯ ಏರುಪೇರು ಮೊದಲಾದ ಎಂಟು ಕಾರಣಗಳಲ್ಲಿ ಕರ್ಮವನ್ನು ಒಂದಾಗಿ ಮಾತ್ರ ಎಣಿಸುತ್ತಾನೆ. ಜೋಯಿಡಾದ ಕಾಡಿನ ಊರುಗಳಿಂದ ದಾಂಡೇಲಿ, ಹಳಿಯಾಳ ದಾಟಿ ತಜ್ಞವೈದ್ಯರಿಗಾಗಿ ಹುಬ್ಬಳ್ಳಿ-ಧಾರವಾಡಕ್ಕೆ ಹೋಗಬೇಕಾದ, ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ವರ್ಷಗಳಿಂದ ಬೇಡಿಕೆಯಿಟ್ಟಿರುವ ಈ ಜಿಲ್ಲೆಯಲ್ಲಿ, ತಡವಾಗಿ ಪತ್ತೆಯಾದ ರೋಗವನ್ನು ಹಣೆಬರಹವೆನ್ನುವುದು ಧರ್ಮವನ್ನೇ ತಪ್ಪಾಗಿ ಓದಿದಂತೆ. ರೆಪ್ಪೆ ಜೋಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಸಂಜೆಯಾದಂತೆ ನುಂಗಲೂ ಮಾತಾಡಲೂ ಕಷ್ಟವಾಗುವುದು, ಮಯಸ್ಥೇನಿಯಾದ ಇಂಥ ಲಕ್ಷಣಗಳು ಯಾರಲ್ಲಿ ಕಂಡರೂ, ಹರಕೆಯೋ ಪೂಜೆಯೋ ತಮ್ಮ ಪಾಡಿಗೆ ನಡೆಯಲಿ, ಅವರನ್ನು ತಡಮಾಡದೆ ನರರೋಗ ತಜ್ಞರಲ್ಲಿಗೆ ಕರೆದೊಯ್ದು, ಎದೆಯ ಸಿ.ಟಿ. ಸ್ಕ್ಯಾನ್ ಅಗತ್ಯವಿದೆಯೇ ಎಂದು ಕೇಳಬೇಕು.