ಪರಹಸ್ತವೂ ಸ್ವಾತಂತ್ರ್ಯವೂ

ಸ್ವಾತಂತ್ರ್ಯವೆಂದರೇನು? ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುವುದೇ ಸ್ವಾತಂತ್ರ್ಯವೆಂದು ಲೋಕವು ಸಾಮಾನ್ಯವಾಗಿ ಬಗೆಯುತ್ತದೆ. ಹಾಗಾದರೆ ಒಂದು ತುತ್ತನ್ನೂ ಪರರ ಕೈಯಿಂದಲೇ ಉಣ್ಣಬೇಕಾದವನು ಕೊನೆಯವರೆಗೂ ಪರತಂತ್ರನೇ ಆಗಬೇಕಾಗುತ್ತದೆ. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಅರಿಯಲು ಅಮೆರಿಕ ದೇಶದ ಎಡ್ ರಾಬರ್ಟ್ಸ್ ಎಂಬವರ ಜೀವನವನ್ನು ಸ್ಮರಿಸುವುದು ಉಚಿತ.

1939ರಲ್ಲಿ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಜನಿಸಿದ ಇವರು ಆಟಪಾಟಗಳಲ್ಲಿ ಆಸಕ್ತನಾದ ಬಾಲಕನಾಗಿದ್ದರು. 1953ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಪೋಲಿಯೊ ವ್ಯಾಧಿಯು ಅವರನ್ನು ಕೆಡವಿತು. ಆ ರೋಗವನ್ನು ತಡೆಯುವ ಲಸಿಕೆಯು ಬಳಕೆಗೆ ಬಂದುದು ಎರಡು ವರ್ಷಗಳ ತರುವಾಯ. ಎಡಗೈಯ ಎರಡು ಬೆರಳು ಮತ್ತು ಕಾಲಿನ ಕೆಲವು ಬೆರಳುಗಳ ಹೊರತು ಕತ್ತಿನ ಕೆಳಗೆ ಚಲನೆಯೇ ಉಳಿಯಲಿಲ್ಲ. ಉಸಿರಾಟವೂ ಸುಲಭವಲ್ಲ. ರಾತ್ರಿ, ದೇಹವನ್ನು ಕತ್ತಿನವರೆಗೂ ಒಳಗಿರಿಸಿಕೊಂಡು ಉಸಿರಾಡಿಸುವ ದೊಡ್ಡ ಕಬ್ಬಿಣದ ಯಂತ್ರ. ಹಗಲು, ಗಾಳಿಯನ್ನು ಗುಟುಕು ಗುಟುಕಾಗಿ ಗಂಟಲಿನಿಂದ ಒಳಗೆ ತಳ್ಳಿಕೊಳ್ಳುವ ಅಭ್ಯಾಸ. ಬಾಳಿನಲ್ಲಿ ಜಿಗುಪ್ಸೆಗೊಂಡ ಬಾಲಕನು ಅನ್ನವನ್ನೇ ತೊರೆದನು. ಕೆಲವು ಕಾಲದ ಮೇಲೆ, ಬದುಕಬೇಕೆಂದು ತಾನೇ ನಿಶ್ಚಯಿಸಿ ಮತ್ತೆ ಉಣ್ಣತೊಡಗಿದನು. ಉಣಿಸಿದ ಕೈ ಪರರದು, ನಿಶ್ಚಯವು ಆತನದು. ಮುಂದಿನ ಜೀವನವೆಲ್ಲವೂ ಈ ಒಂದು ಭೇದದ ವಿಸ್ತಾರವೇ ಆಯಿತು.

ವ್ಯಾಯಾಮವನ್ನೂ ಮೋಟಾರು ನಡೆಸುವುದನ್ನೂ ಕಲಿತಿಲ್ಲವೆಂಬ ಕಾರಣವನ್ನು ಮುಂದೊಡ್ಡಿ ಪ್ರೌಢಶಾಲೆಯು ಪ್ರಮಾಣಪತ್ರವನ್ನು ತಡೆಯಿತು. ತಾಯಿ ಜೋನಾ ಅವರು ಹೋರಾಡಿ ಅದನ್ನು ದೊರಕಿಸಿದರು. ಅಂಗವಿಕಲರ ಪುನರ್ವಸತಿಗಾಗಿಯೇ ಇದ್ದ ಸರಕಾರದ ಇಲಾಖೆಯು, ಇಷ್ಟು ವಿಕಲನಾದವನಿಗೆ ಉದ್ಯೋಗವು ಅಸಾಧ್ಯವೆಂದು ಮೊದಲು ನೆರವನ್ನು ನಿರಾಕರಿಸಿತು. ಆದರೂ 1962ರಲ್ಲಿ ರಾಬರ್ಟ್ಸರು ಬರ್ಕ್ಲಿಯ ವಿಶ್ವವಿದ್ಯಾಲಯವನ್ನು ಸೇರಿದರು. ಅವರ ಭಾರವಾದ ಯಂತ್ರವನ್ನು ವಿದ್ಯಾರ್ಥಿನಿಲಯದಲ್ಲಿ ಇರಿಸಲು ಆಗದಿದ್ದುದರಿಂದ ಅಲ್ಲಿನ ಕೋವೆಲ್ ಆಸ್ಪತ್ರೆಯಲ್ಲಿ ವಾಸಿಸಿ, 1964ರಲ್ಲಿ ಪದವಿಯನ್ನೂ 1966ರಲ್ಲಿ ರಾಜ್ಯಶಾಸ್ತ್ರದ ಸ್ನಾತಕೋತ್ತರ ಪದವಿಯನ್ನೂ ಪಡೆದರು. ಅವರ ಹಿಂದೆ ಅಂತಹ ಅನೇಕರು ಅಲ್ಲಿಗೆ ಬಂದರು. ತಮಗೆ ಬೇಕಾದ ಸಹಾಯಕರನ್ನು ತಾವೇ ಆರಿಸಿಕೊಂಡು, ತಾವೇ ತರಬೇತು ಮಾಡಿ, ತಮ್ಮ ದಿನಚರಿಯನ್ನು ತಾವೇ ಗೊತ್ತುಮಾಡಿಕೊಂಡರು. ಈ ಅನುಭವದಿಂದಲೇ 1972ರಲ್ಲಿ ಬರ್ಕ್ಲಿಯಲ್ಲಿ ಸ್ವತಂತ್ರ ಜೀವನದ ಕೇಂದ್ರವು ಹುಟ್ಟಿತು. ಕೆಲವು ವರ್ಷಗಳಲ್ಲಿ ರಾಬರ್ಟ್ಸರು ಒಮ್ಮೆ ತಮ್ಮನ್ನು ನಿರಾಕರಿಸಿದ್ದ ಆ ಇಲಾಖೆಗೇ ನಿರ್ದೇಶಕರಾದರು.

ಇಷ್ಟಾದರೂ ಅವರ ಅಂಗಗಳಿಗೆ ಬಲವು ಮರಳಲಿಲ್ಲ. ಪರರ ನೆರವೂ ತಪ್ಪಲಿಲ್ಲ. ಹಾಗಿದ್ದು ಅವರು ಸ್ವತಂತ್ರರಾದುದು ಹೇಗೆ? ವಿಚಾರಿಸಿ ನೋಡಿದರೆ, ದೃಢಕಾಯನಾದವನೂ ಅನ್ನಕ್ಕೆ ಒಕ್ಕಲಿಗನ ಕೈಯನ್ನು, ಬಟ್ಟೆಗೆ ನೇಕಾರನ ಕೈಯನ್ನು ಅವಲಂಬಿಸಿಯೇ ಬಾಳುತ್ತಾನೆ. ಆದರೂ ಅವನನ್ನು ಪರತಂತ್ರನೆಂದು ಯಾರೂ ಕರೆಯರು. ಏಕೆಂದರೆ ಏನನ್ನು ಉಣ್ಣಬೇಕು, ಏನನ್ನು ಉಡಬೇಕು ಎಂಬ ನಿರ್ಣಯವು ಅವನ ಕೈಯಲ್ಲಿದೆ. ಆದುದರಿಂದ ಪರಾವಲಂಬನವು ಪಾರತಂತ್ರ್ಯವಲ್ಲ. ನಿರ್ಣಯವನ್ನು ಕಳೆದುಕೊಳ್ಳುವುದೇ ಪಾರತಂತ್ರ್ಯ.

ಗೃಹಸ್ಥರು ಇಲ್ಲಿ ತಮ್ಮ ಮನವನ್ನು ತಾವೇ ಶೋಧಿಸಿಕೊಳ್ಳಬೇಕು. ಮನೆಯಲ್ಲಿ ಒಬ್ಬರು ಅಂಗವಿಕಲರಿದ್ದರೆ ಮಮತೆಯಿಂದ ಉಪಚರಿಸುವವರು ಬಹಳ ಮಂದಿ. ಆದರೆ ಅವರು ಯಾವಾಗ ಮಲಗಬೇಕು, ಯಾರೊಡನೆ ಮಾತನಾಡಬೇಕು, ಏನನ್ನು ಕಲಿಯಬೇಕೆಂಬುದನ್ನೂ ಆ ಮಮತೆಯೇ ತೀರ್ಮಾನಿಸಿಬಿಡುತ್ತದೆ. ಉಪಚಾರವು ಆಯಾಸಕರವಾದುದು, ಕೇಳುತ್ತ ನಿಂತರೆ ಕೆಲಸವು ಸಾಗದೆಂಬುದೂ ಸುಳ್ಳಲ್ಲ. ಆದರೂ ಕೇಳದೆ ಮಾಡಿದ ಸೇವೆಯು ದೇಹವನ್ನು ಕಾಯ್ದು ಮನುಷ್ಯನನ್ನು ಕುಗ್ಗಿಸುತ್ತದೆ. ಕೇಳಿ ಮಾಡಿದ ಸೇವೆಯಲ್ಲಿ ಮಾಡುವವನ ಅಹಂಕಾರವೂ ಕರಗುತ್ತದೆ, ಮಾಡಿಸಿಕೊಳ್ಳುವವನ ಗೌರವವೂ ಉಳಿಯುತ್ತದೆ.

ರಾಬರ್ಟ್ಸರು 1995ರ ಮಾರ್ಚಿಯಲ್ಲಿ, ಐವತ್ತಾರನೆಯ ವಯಸ್ಸಿನಲ್ಲಿ ಕಾಲವಾದರು. ಅವರ ಗಾಲಿಕುರ್ಚಿಯು ಆ ದೇಶದ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನು ಸೇರಿತು. ಅವರನ್ನು ಸ್ಮರಿಸಲು ಅಷ್ಟು ದೂರ ಹೋಗಬೇಕಾಗಿಲ್ಲ. ಮನೆಯ ಅಂಗವಿಕಲರಿಗೆ ತುತ್ತನ್ನೆತ್ತುವ ಮುನ್ನ, ಈಗ ಉಣ್ಣುವಿರಾ ಎಂದು ಕೇಳಿ ಉತ್ತರಕ್ಕೆ ಕಾದರೆ ಸಾಕು.