ವಾರಸುದಾರರಿಲ್ಲದ ಖಾತೆ

ಮುಂಬಯಿಯ ಸಯನ್‌ಗೆ ಮರಾಠಿಯಲ್ಲಿ ‘ಶೀವ್’ ಅಂತಾರೆ. ಅಂದರೆ ಗಡಿ. ಮುಂಬಯಿ ದ್ವೀಪ ಮುಗಿದು ಸಾಷ್ಟಿ ದ್ವೀಪ ಶುರುವಾಗುತ್ತಿದ್ದ ಜಾಗವಿದು. 1853ರ ಏಪ್ರಿಲ್ 16ರ ಮಧ್ಯಾಹ್ನ ಬೋರಿಬಂದರಿನಿಂದ ಠಾಣೆಗೆ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಈ ಗಡಿ ದಾಟಿಯೇ ಹೋಯಿತು. 14 ಡಬ್ಬಿ, ಸುಮಾರು 400 ಅತಿಥಿಗಳು, 34 ಕಿ.ಮೀ. ದಾರಿ, 21 ತೋಪಿನ ಸಲಾಮು. ಎಳೆದ ಮೂರು ಉಗಿ ಎಂಜಿನ್‌ಗಳ ಹೆಸರು ಸಾಹಿಬ್, ಸಿಂಧ್, ಸುಲ್ತಾನ್.

ಎಂಜಿನ್‌ಗಳ ಹೆಸರು ಉಳಿದಿದೆ. ಹಳಿ ಹಾಕಿದವರ ಹೆಸರು?

ನಾನು ಈ ಊರಿಗೆ ಬಂದದ್ದು 1983ರಲ್ಲಿ. ಧಾರವಾಡದಲ್ಲಿ ಮೀಟರ್ ಗೇಜ್ ಗಾಡಿ ಹತ್ತಿ, ಮೀರಜಿನಲ್ಲಿ ಟ್ರಂಕು ಇಳಿಸಿ ದೊಡ್ಡ ಗಾಡಿ ಹಿಡಿದು, ಪುಣೆ ದಾಟಿ ಬೋರ್ ಘಾಟ್ ಇಳಿದೆ. ಆ ಘಾಟಿನ ಮೊದಲ ದಾರಿಯನ್ನು 1856ರಿಂದ 1863ರವರೆಗೆ ಕಡಿದರು. 25 ಸುರಂಗ. 1861ರಲ್ಲಿ ಒಮ್ಮೆಗೇ 42 ಸಾವಿರ ಜನ ಅಲ್ಲಿ ದುಡಿಯುತ್ತಿದ್ದರು. ಕಾಲರಾ, ಜ್ವರ, ಸಿಡಿಮದ್ದು, ಕುಸಿದ ಬಂಡೆಗಳಿಗೆ ಸತ್ತವರು 25 ಸಾವಿರಕ್ಕೂ ಹೆಚ್ಚೆಂದು ಒಂದು ಅಂದಾಜು. ಆ ದಾರಿಯಲ್ಲಿ ಬಂದು ಅನ್ನ ಕಂಡುಕೊಂಡ ನನಗೆ ಅವರ ಋಣ ಇದೆಯೇ?

ಅವರಿಗೆ ಕೂಲಿ ಸಿಕ್ಕಿತು, ನಾನು ಟಿಕೆಟ್ಟಿಗೆ ದುಡ್ಡು ಕೊಟ್ಟೆ, ಲೆಕ್ಕ ಮುಗೀತು ಅನ್ನಬಹುದು. ಆದರೆ ಕೂಲಿ ಕೊಟ್ಟದ್ದು ಕೆಲಸಕ್ಕೆ. ಜೀವಕ್ಕೆ ಯಾರೂ ದರ ಕಟ್ಟಿರಲಿಲ್ಲ. ಬ್ಯಾಂಕಿನಲ್ಲಿ ಒಂದು ನಿಯಮವಿದೆ ನೋಡಿ. ಹತ್ತು ವರ್ಷ ಯಾರೂ ಕೇಳದ ಠೇವಣಿ 2014ರಿಂದ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆದರೂ ವಾರಸುದಾರ ಎಂದು ಬಂದರೂ ಕೊಡಲೇಬೇಕು. ಕೇಳುವವರಿಲ್ಲ ಎಂದ ಮಾತ್ರಕ್ಕೆ ಸಾಲ ಲಾಭವಾಗುವುದಿಲ್ಲ.

ಇಷ್ಟು ಗೊತ್ತಿದ್ದ ನಾನೇ ಒಮ್ಮೆ ತಪ್ಪಿದೆ. ತೊಂಬತ್ತರ ದಶಕ. ಹಳಿಯ ಪಕ್ಕ ಮಣ್ಣು ಹೊರುತ್ತಿದ್ದ ಕಲಬುರಗಿ ಕಡೆಯ ಹೆಣ್ಣುಮಗಳೊಬ್ಬಳು ಶಾಖೆಗೆ ಬಂದಳು. ಸೆರಗಿನ ಗಂಟಿನಲ್ಲಿ ದುಡ್ಡು. “ಯಪ್ಪಾ, ಇದನ್ನ ಇಟ್ಕೋರಿ” ಅಂದಳು. ವಿಳಾಸದ ಪುರಾವೆ ಕೇಳಿದೆ, ಅದೂ ಹಿಂದಿಯಲ್ಲಿ. ಸಾಲಿನಲ್ಲಿ ನಿಂತವರ ಎದುರು ಅವಳ ಕನ್ನಡಕ್ಕೆ ಓಗೊಡಲು ನಾಚಿಕೆಯಾಗಿತ್ತು. ಅವಳು ಗಂಟು ಕಟ್ಟಿಕೊಂಡು ಹೋದಳು. ನಿಯಮ ನನ್ನ ಪರವಾಗಿತ್ತು, ನಿಜ. ಆದರೆ ಯಾವ ಪತ್ರ ಎಲ್ಲಿ ಸಿಗುತ್ತದೆ ಅಂತ ಎರಡು ಮಾತು ಕನ್ನಡದಲ್ಲಿ ಹೇಳಬೇಡ ಅಂತ ಯಾವ ನಿಯಮವೂ ಇರಲಿಲ್ಲ. ಅವಳ ಹೆಸರನ್ನೂ ನಾನು ಕೇಳಲಿಲ್ಲ.

ಹೊಸ ಹಳಿಗಳಿಗೆ ಜಾಗ ಬೇಕೆಂದು 1912ರ ಸಯನ್ ಸೇತುವೆಯನ್ನು 2024ರ ಆಗಸ್ಟಿನಲ್ಲಿ ಮುಚ್ಚಿದರು. ಅಂದರೆ ಮತ್ತೆ ಅಗೆಯುವವರು, ಹೊರುವವರು ಬಂದೇ ಬರುತ್ತಾರೆ. ಸತ್ತವರಿಗೆ ನಾನೇನೂ ಕೊಡಲಾರೆ. ಬ್ಯಾಂಕಿನಲ್ಲಿ ಯಾರಾದರೂ ಚೀಟಿ ತುಂಬಿಕೊಡಿ ಅಂದರೆ ಈಗ ಪಕ್ಕದಲ್ಲಿ ಕೂಡಿಸಿಕೊಂಡು, ಮೊದಲು ಹೆಸರು ಕೇಳಿ, ಬರೆದುಕೊಡುತ್ತೇನೆ. ಇದರಿಂದ ಹಳೆಯ ಬಾಕಿ ಚುಕ್ತಾ ಆಗುವುದಿಲ್ಲ, ಗೊತ್ತು. ಬಡ್ಡಿಯನ್ನಾದರೂ ಕಟ್ಟುತ್ತಿರಬೇಕಲ್ಲ.