ಕೊಳ್ಳುವವನ ಮೌನ

ಮಾರುವವನು ತನ್ನ ಸರಕಿನ ದೋಷವನ್ನು ತಾನಾಗಿ ಹೇಳಬೇಕೆ ಎಂಬ ಚರ್ಚೆ ಬಹಳ ಹಳೆಯದು. ಕೊಳ್ಳುವವನು ಆ ಸರಕಿನ ಗುಣವನ್ನು ಹೇಳಬೇಕೆ ಎಂದು ಕೇಳುವವರು ಮಾತ್ರ ವಿರಳ; ಕೇಳಿದರೆ ನಗುವವರೇ ಹೆಚ್ಚು. ಸಂತೆಯಲ್ಲಿ ಬದನೆಕಾಯಿಯನ್ನು ಹೊರಳಿಸಿ ನೋಡಿ “ಇದೇನಮ್ಮ, ಬಾಡಿದೆಯಲ್ಲ” ಎನ್ನುವುದು ವ್ಯಾಪಾರದ ಒಂದು ಆಚಾರವೇ ಆಗಿಹೋಗಿದೆ. ಬಾಡಿಲ್ಲವೆಂದು ಅವನಿಗೂ ಗೊತ್ತು, ಮಾರುವವಳಿಗೂ ಗೊತ್ತು. ಇಬ್ಬರಿಗೂ ಗೊತ್ತಿರುವ ಸುಳ್ಳಿನಿಂದ ಯಾರಿಗೂ ಕೇಡಿಲ್ಲ. ಒಬ್ಬನಿಗೆ ಮಾತ್ರ ಗೊತ್ತಿರುವ ನಿಜದ ಸಂಗತಿ ಬೇರೆ. ಅದು ನನ್ನ ಕಣ್ಣೆದುರಿಗೆ ಬಂದದ್ದು ಒಂದು ಹಳೆಯ ಮಾರುತಿ 800 ಕಾರಿನ ರೂಪದಲ್ಲಿ, ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಲ್ಲಿ.

ಈ ಕಾರಿನ ಪರಿಚಯವನ್ನು ಓದುಗರಿಗೆ ಮಾಡಿಕೊಡಬೇಕಾದದ್ದಿಲ್ಲ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಗಾಡಿಯ ಕೀಲಿಕೈ ಕೊಟ್ಟರು; 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು. ಈ ಮೂವತ್ತು ವರ್ಷಗಳಲ್ಲಿ ಸ್ಕೂಟರಿನ ಮೇಲೆ ನಾಲ್ವರು ಕೂರುತ್ತಿದ್ದ ಎಷ್ಟೋ ಸಂಸಾರಗಳಿಗೆ ಅದು ತಲೆಯ ಮೇಲೊಂದು ಸೂರಾಯಿತು. ಮೂರು ಸಿಲಿಂಡರು, 796 ಸಿ.ಸಿ.ಯ ಪುಟ್ಟ ಎಂಜಿನ್ನು. ಹೆದ್ದಾರಿಯ ಪಕ್ಕದ ಯಾವ ಮೆಕ್ಯಾನಿಕ್ಕಾದರೂ ಬಿಚ್ಚಿ ಜೋಡಿಸಬಲ್ಲ. ನಿಂತುಹೋದ ಮೇಲೂ ಹಳ್ಳಿಗಳ ಕಡೆ ಅದನ್ನು ಹುಡುಕಿಕೊಂಡು ಬರುವವರಿರುವುದು ಈ ಕಾರಣಕ್ಕಾಗಿಯೇ.

ನನ್ನ ಸೋದರಮಾವ ಹಾಗೆ ಹುಡುಕುತ್ತಿದ್ದವರಲ್ಲಿ ಒಬ್ಬರು. ಶೋಕಿಗಲ್ಲ. ನಮ್ಮ ಅತ್ತೆಗೆ ಉಬ್ಬಸ. ರಾತ್ರಿಯ ಹೊತ್ತು ಉಸಿರು ಕಟ್ಟಿದರೆ ಹಿರಿಯೂರಿನ ಆಸ್ಪತ್ರೆಗೆ ಒಯ್ಯಲು ಆಟೋದವನನ್ನು ನಿದ್ದೆಯಿಂದ ಎಬ್ಬಿಸಬೇಕು. ಕಡಲೆಕಾಯಿಯ ದುಡ್ಡಿನಲ್ಲಿ ಮಾವ 35,000 ರೂಪಾಯಿ ಎತ್ತಿಟ್ಟಿದ್ದರು. ಊರಲ್ಲೇ ಒಂದು ಗಾಡಿ ಮಾರಾಟಕ್ಕಿದೆಯೆಂದು ತಿಳಿಯಿತು. ತೀರಿಕೊಂಡ ಶಾಲಾ ಮೇಷ್ಟ್ರೊಬ್ಬರದು, 2004ರದು. ಕಾಗದಪತ್ರ ಓದುವುದಕ್ಕೆ ನಾನು, ಗಾಡಿಯನ್ನು ಓದುವುದಕ್ಕೆ ಹಿರಿಯೂರಿನ ಒಬ್ಬ ಮೆಕ್ಯಾನಿಕ್ಕು, ಹೀಗೆ ಮೂವರು ಹೋದೆವು.

ಹಳೆಯ ಕಾರನ್ನು ಪರೀಕ್ಷಿಸುವ ಬಲ್ಲವನನ್ನು ನೋಡುವುದೇ ಒಂದು ಪಾಠ. ಆತ ಮೊದಲು ಬಾನೆಟ್ಟಿನ ಮೇಲೆ ಅಂಗೈಯಿಟ್ಟ. ಏಕೆಂದು ಕೇಳಿದೆ. “ತಣ್ಣಗಿರಬೇಕು ಸಾರ್. ನಾವು ಬರೋ ಮುಂಚೆ ಚಾಲೂ ಮಾಡಿ ಕಾಯಿಸಿಟ್ಟಿದ್ರೆ ಏನೋ ಮುಚ್ಚಿಡ್ತಾ ಇದಾರೆ ಅಂತ.” ತಣ್ಣನೆಯ ಎಂಜಿನ್ನು ಏಳುವಾಗ ಹೊಗೆಕೊಳವೆಯಲ್ಲಿ ನೀಲಿ ಹೊಗೆ ಬಂದರೆ ಅದು ಆಯಿಲನ್ನು ಸುಡುತ್ತಿದೆಯೆಂದರ್ಥ, ಆಯಿಲಿನ ಮುಚ್ಚಳದ ಒಳಮೈಯಲ್ಲಿ ಮಜ್ಜಿಗೆಯಂಥ ನೊರೆಯಿದ್ದರೆ ನೀರು ಬೆರೆತಿರಬಹುದೆಂಬ ಶಂಕೆ. ಕಾಲಡಿಯ ಹಾಸನ್ನೆತ್ತಿ ತಗಡನ್ನು ತಟ್ಟಿದ, ಬಾಗಿಲ ಕೆಳ ಅಂಚಿನಲ್ಲಿ ಬೆರಳಾಡಿಸಿದ. ಈ ಗಾಡಿಗಳ ಆಯುಷ್ಯ ಮುಗಿಯುವುದು ಬಹುಮಟ್ಟಿಗೆ ತುಕ್ಕಿನಿಂದ, ಎಂಜಿನ್ನಿನಿಂದಲ್ಲ ಎಂದು ಅವನ ಮತ. ಮೀಟರು ತೋರಿಸಿದ 41,000 ಕಿಲೋಮೀಟರನ್ನು ನಂಬದೆ, ಬ್ರೇಕು ಕ್ಲಚ್ಚುಗಳ ರಬ್ಬರು ಎಷ್ಟು ಸವೆದಿದೆಯೆಂದು ಬಗ್ಗಿ ನೋಡಿದ. ಮೀಟರನ್ನು ಹಿಂದಕ್ಕೆ ತಿರುಗಿಸಬಹುದು, ಸವೆದ ರಬ್ಬರನ್ನು ತುಂಬಲಾಗದು. ದನದ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ, ನಾಲ್ಕು ಹಲ್ಲೋ ಆರು ಹಲ್ಲೋ ಬಾಯಿಗೂಡಿದ್ದೋ ಎಂದು ಎಣಿಸುತ್ತಿದ್ದ ಹಿರಿಯರ ಜ್ಞಾನವೇ ಇಲ್ಲಿ ವೇಷ ಬದಲಿಸಿಕೊಂಡು ಬಂದಿದೆ ಎನ್ನಿಸಿತು.

ಕಾಗದಗಳು ಸರಿಯಾಗಿದ್ದವು. 15 ವರ್ಷ ತುಂಬಿದ ಮೇಲೆ ಮೇಷ್ಟ್ರು 5 ವರ್ಷಕ್ಕೆ ನೋಂದಣಿಯನ್ನು ಹೊಸದು ಮಾಡಿಸಿದ್ದರು. ಮೆಕ್ಯಾನಿಕ್ಕು ಮಾವನ ಕಿವಿಯಲ್ಲಿ, “ಚಿನ್ನದಂಥ ಗಾಡಿ. ಅರವತ್ತು ಸಾವಿರಕ್ಕೆ ಕಣ್ಣುಮುಚ್ಚಿ ಹೋಗ್ತೈತೆ” ಎಂದ. ಅಷ್ಟರಲ್ಲಿ ಮೇಷ್ಟ್ರ ಮನೆಯಾಕೆ ಹೊರಗೆ ಬಂದು ಹೇಳಿದ ಬೆಲೆ 20,000. ಗುಜರಿಯವನು ತೂಕದ ಲೆಕ್ಕದಲ್ಲಿ 18,000 ಕೊಡುತ್ತೇನೆಂದಿದ್ದನಂತೆ. ಇಷ್ಟೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಆಕೆ ಮಾವನ ಮುಖ ನೋಡಿ ಒಂದು ಮಾತು ಸೇರಿಸಿದರು: “ನನಗೇನು ಗೊತ್ತಣ್ಣಾ ಇದರ ಕತೆ. ನೀನೇ ಹೇಳು, ಎಷ್ಟು ಬಾಳ್ತೈತೆ?”

ನಮ್ಮ ದೇಶದ ಕರಾರು ಕಾಯಿದೆ 1872ರದು. ಸುಮ್ಮನಿರುವುದು ಮಾತ್ರದಿಂದ ಮೋಸವಾಗುವುದಿಲ್ಲ ಎಂದು ಅದರ 17ನೆಯ ಕಲಮಿನ ವಿವರಣೆ. ಅಲ್ಲಿ ಕೊಟ್ಟಿರುವ ಉದಾಹರಣೆಗಳು ರೋಗದ ಕುದುರೆಯನ್ನು ಕುರಿತವು. ಹರಾಜಿನಲ್ಲಿ ಮಾರುವವನು ಕುದುರೆಯ ದೋಷವನ್ನು ಹೇಳದಿದ್ದರೆ ಅದು ಮೋಸವಲ್ಲ. ಆದರೆ ಕೊಳ್ಳುವವಳು ಆಗತಾನೆ ಪ್ರಾಯಕ್ಕೆ ಬಂದ ಅವನ ಮಗಳೇ ಆದರೆ ಆ ಸಂಬಂಧವೇ ಅವನನ್ನು ಮಾತಾಡಬೇಕೆಂದು ಕಟ್ಟುತ್ತದೆ. ಇನ್ನೊಂದು: ‘ನೀನು ಅಲ್ಲವೆನ್ನದಿದ್ದರೆ ಚೆನ್ನಾಗಿದೆಯೆಂದೇ ತಿಳಿಯುತ್ತೇನೆ’ ಎಂದು ಕೊಳ್ಳುವವನು ಹೇಳಿದ ಮೇಲೆ ಮಾರುವವನ ಮೌನವೂ ಮಾತಿಗೆ ಸಮ. ಒಂದು ಕಾಯಿದೆಯ ಪುಟದಲ್ಲಿ ಇಷ್ಟು ಮನುಷ್ಯಜ್ಞಾನ ಅಡಗಿರುವುದು ನನಗೆ ಸೋಜಿಗವೆನಿಸಿದೆ. ಇಲ್ಲಿ ಮೌನವಾಗಿದ್ದವನು ಮಾರುವವನಲ್ಲ, ಕೊಳ್ಳುವವನು. ಆಕೆಯ ಪ್ರಶ್ನೆ ಮಾತ್ರ ಆ ಕುದುರೆಯ ಪ್ರಶ್ನೆಯೇ. ‘ಅಣ್ಣಾ’ ಎಂದದ್ದೂ ಇದೆ. ಪಟ್ಟಣದಲ್ಲಿ ನಾವು ಬಸ್ಸಿನ ಕಂಡಕ್ಟರನಿಗೂ ಅಣ್ಣ ಎನ್ನುತ್ತೇವೆ, ಅದಕ್ಕೇನೂ ತೂಕವಿಲ್ಲ. ಹರಿಯಬ್ಬೆಯಂಥ ಊರಿನಲ್ಲಿ ಅದಕ್ಕೆ ಇನ್ನೂ ಸ್ವಲ್ಪ ತೂಕ ಉಳಿದಿದೆ.

ಹೊರಗೆ ಬಂದ ಮೇಲೆ ಮೆಕ್ಯಾನಿಕ್ಕು ತನ್ನ ವಾದ ಹೂಡಿದ. “ನೀವು ನನಗೆ ಐನೂರು ಕೊಟ್ಟು ಕರ್ಕೊಂಡು ಬಂದಿದೀರಿ. ನಾನು ನೋಡಿದ್ದು ನಿಮ್ಮ ಸೊತ್ತು. ಆಯಮ್ಮನಿಗೆ ಬೇಕಿದ್ರೆ ಆಯಮ್ಮನೂ ಒಬ್ಬರನ್ನ ಕರೆಸಬಹುದಿತ್ತಲ್ಲ?” ಇದನ್ನು ತಳ್ಳಿಹಾಕುವಂತಿಲ್ಲ. ವ್ಯಾಪಾರಿಯೊಬ್ಬನು ತನಗೆ ಮಾತ್ರ ತಿಳಿದ ಬೆಲೆಯ ಏರಿಳಿತವನ್ನು ಇನ್ನೊಬ್ಬ ವ್ಯಾಪಾರಿಗೆ ಹೇಳಬೇಕಾಗಿಲ್ಲವೆಂದು ಅದೇ ಕಲಮು ಹೇಳುತ್ತದೆ. ಹಾಗಿಲ್ಲದಿದ್ದರೆ ಕಷ್ಟಪಟ್ಟು ಕಲಿಯುವವರೇ ಇರುತ್ತಿರಲಿಲ್ಲ. ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನೇ ಉದಾಹರಣೆಯಾಗಿಟ್ಟುಕೊಂಡು, ಒಂದು ಕಡೆಯವರಿಗೆ ಮಾತ್ರ ನಿಜ ತಿಳಿದಿದ್ದರೆ ಒಳ್ಳೆಯ ಗಾಡಿಗಳೇ ಪೇಟೆಯಿಂದ ಹಿಂದೆ ಸರಿಯುತ್ತವೆಂದು ತೋರಿಸಿದರು. 2001ರಲ್ಲಿ ಅವರಿಗೆ ನೊಬೆಲ್ ಬಹುಮಾನವೂ ಬಂತು. ಅವರ ಲೆಕ್ಕದಲ್ಲಿ ನಿಜ ತಿಳಿದವನು ಮಾರುವವನೇ. ಗಂಡ ಓಡಿಸುತ್ತಿದ್ದ ಗಾಡಿಯನ್ನು ಹಿಂದಿನ ಸೀಟಿನಿಂದ ಮಾತ್ರ ಬಲ್ಲ ವಿಧವೆ ಆ ಲೆಕ್ಕದಲ್ಲಿಲ್ಲ.

ಕ್ರಿಸ್ತಪೂರ್ವ 44ರಲ್ಲಿ ಸಿಸೆರೋ ಬರೆದ ಕರ್ತವ್ಯ ವಿಚಾರದ ಗ್ರಂಥದಲ್ಲಿ ಕೊಳ್ಳುವವನ ಕತೆಯೊಂದಿದೆ. ಕ್ವಿಂಟಸ್ ಸ್ಕೆವೋಲ ಎಂಬಾತ ಒಂದು ಜಮೀನಿಗೆ ಒಂದೇ ಮಾತಿನ ಬೆಲೆ ಕೇಳಿದ. ಮಾರುವವನು ಹೇಳಿದ. ‘ನನ್ನ ದೃಷ್ಟಿಯಲ್ಲಿ ಇದಕ್ಕೆ ಇನ್ನೂ ಬೆಲೆಯುಂಟು’ ಎಂದು ಸ್ಕೆವೋಲ 1 ಲಕ್ಷ ನಾಣ್ಯ ಹೆಚ್ಚಿಗೆ ಸೇರಿಸಿ ಕೊಟ್ಟ. ಆತ ಒಳ್ಳೆಯವನೆಂದು ಎಲ್ಲರೂ ಒಪ್ಪುತ್ತಾರೆ, ಬುದ್ಧಿವಂತನೆಂದು ಒಪ್ಪುವುದಿಲ್ಲ. ಒಳ್ಳೆಯತನವನ್ನೂ ಬುದ್ಧಿಯನ್ನೂ ಹೀಗೆ ಬೇರೆ ಮಾಡಿದ್ದೇ ಕೇಡು ಎಂಬುದು ಸಿಸೆರೋನ ಕೊರಗು. ಸರಿಯೇ. ಆದರೆ ಸ್ಕೆವೋಲನ ಬಳಿ ಸೇರಿಸಿ ಕೊಡಲು 1 ಲಕ್ಷ ನಾಣ್ಯವಿತ್ತು. ಮಾವನ ಬಳಿ ಇದ್ದದ್ದು 35,000.

ಮಾವ ಆ ರಾತ್ರಿ ನನ್ನನ್ನು ಏನೂ ಕೇಳಲಿಲ್ಲ. ಬೆಳಗ್ಗೆ ಎದ್ದು ಆಕೆಯ ಮನೆಗೆ ಹೋಗಿ, “ತಾಯಿ, ಇದು ಗುಜರಿಗೆ ಹಾಕೋ ಗಾಡಿಯಲ್ಲ. ಅರವತ್ತು ಬಾಳ್ತೈತಂತೆ. ನನ್ನ ಹತ್ರ ಮೂವತ್ತೈದೇ ಇರೋದು. ಇನ್ನಿಬ್ಬರನ್ನ ಕೇಳ್ಕೊಂಡು ಮಾರು” ಎಂದು ಹೇಳಿ ಬಂದರು. ವಾರದೊಳಗೆ ಚಳ್ಳಕೆರೆಯ ಕಡೆಯವರೊಬ್ಬರು 55,000 ಎಣಿಸಿ ಗಾಡಿ ಒಯ್ದರು. ಮಾವನ ವಿಚಾರಕ್ಕೆ ಅದರಲ್ಲಿ ಒಂದು ರೂಪಾಯಿಯ ರಿಯಾಯಿತಿಯೂ ಬರಲಿಲ್ಲ.

ಮಾವ ಮಾಡಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ಕೊಳ್ಳುವವನು ಪ್ರತಿಯೊಬ್ಬ ಮಾರುವವನಿಗೂ ಪಾಠ ಹೇಳುತ್ತ ಕೂರಬೇಕೆಂದು ನಾನು ಒಪ್ಪುವುದಿಲ್ಲ. ಬೆಂಗಳೂರಿನ ಕಾರು ದಲ್ಲಾಳಿಯ ಮುಂದೆ ಮಾವ ಬಾಯಿ ಬಿಡಬೇಕಾಗಿರಲಿಲ್ಲ. ನಂಬಿ ಕೇಳಿದವರ ಮುಂದೆ ಎರಡೇ ದಾರಿ: ನಿಜ ಹೇಳುವುದು, ಇಲ್ಲವೆ ‘ನನ್ನನ್ನು ಕೇಳಬೇಡಮ್ಮ, ನಾನು ಕೊಳ್ಳುವವನು’ ಎನ್ನುವುದು. ಎರಡನೆಯದನ್ನು ಹೇಳಿದ್ದರೂ ನಾನು ಮಾವನನ್ನು ದೂರುತ್ತಿರಲಿಲ್ಲ.

ಅತ್ತೆಯ ಮಾತು ಬೇರೆ. ನಾಲ್ಕು ದಿನ ಮಾವನೊಡನೆ ಮಾತು ಬಿಟ್ಟಿದ್ದ ಆಕೆ ನನಗೆ ಹೇಳಿದ್ದಿಷ್ಟು: “ಆಯಮ್ಮನಿಗೆ ಮಗ ಇದಾನೆ, ಪಿಂಚಣಿ ಐತೆ. ನನ್ನ ಉಸಿರಿಗೆ ಯಾರಿದಾರೆ ಹೇಳು ಅಳಿಯಾ? ಇವರು ನಿಜ ಹೇಳಿದ್ದು ನನ್ನ ಗಂಟಲಿಂದ ತೆಗೆದು.” ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ನ್ಯಾಯವಾಗಿ ನಡೆದವನ ಖರ್ಚನ್ನು ಅವನ ಮನೆಯವರು ಏಕೆ ಕೊಡಬೇಕೆಂಬುದನ್ನು ನೀತಿಗ್ರಂಥಗಳು ಅಷ್ಟಾಗಿ ಚರ್ಚಿಸುವುದಿಲ್ಲ.

ಆಮೇಲೆ ಧರ್ಮಪುರದ ಕಡೆ ಇನ್ನೊಂದು ಗಾಡಿ 34,000ಕ್ಕೆ ಇದೆಯೆಂದು ಸುದ್ದಿ ಬಂತು. ಮಾವ ಅದೇ ಮೆಕ್ಯಾನಿಕ್ಕನನ್ನು ಕರೆದುಕೊಂಡು ಹೋದರು. ಗಾಡಿಯ ಒಡೆಯ ಬಹಳ ಉಪಚಾರ ಮಾಡಿ ಕಾಫಿ ಕೊಟ್ಟನಂತೆ. ಮೆಕ್ಯಾನಿಕ್ಕು ಬಾನೆಟ್ಟಿನ ಮೇಲೆ ಕೈಯಿಟ್ಟ. ಬೆಚ್ಚಗಿತ್ತು. ಕಾಫಿ ಕುಡಿದು ಇಬ್ಬರೂ ಬಸ್ಸು ಹತ್ತಿದರು.